ಬೆದೆಯ ಪಂಚಾಂಗ

ಎಮ್ಮೆ ಸಾಕಿದ ಮನೆಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬಿರುಬೇಸಿಗೆಯಲ್ಲಿ ಎಮ್ಮೆ ಬೆದೆಗೆ ಬರುವುದು ಕಡಿಮೆ. ಬಂದರೂ ಅದು ಮೂಕಬೆದೆ. ಕೂಗಾಟವಿಲ್ಲ, ಎಳೆದಾಟವಿಲ್ಲ, ಸಾಕಿದವರಿಗೆ ಗೊತ್ತಾಗುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಉತ್ತರೆ, ಹಸ್ತ ಮಳೆಗಳು ಕಳೆದು ಹಗಲು ಗಿಡ್ಡವಾಗುತ್ತ ಬಂದ ಹಾಗೆ ಅದೇ ಎಮ್ಮೆ ಕಟ್ಟಿದ ಗೂಟದಲ್ಲಿ ನಿಲ್ಲುವುದಿಲ್ಲ. ಪಕ್ಕದ ಗೂಟದ ಹಸುವಿಗೆ ಈ ಕಟ್ಟಳೆ ಇಲ್ಲ. ಗಬ್ಬವಾಗದಿದ್ದರೆ ಹೆಚ್ಚುಕಡಿಮೆ 21 ದಿನಕ್ಕೊಮ್ಮೆ, ಯಾವ ತಿಂಗಳಾದರೂ ಸರಿ, ಬೆದೆಗೆ ಬರುತ್ತದೆ. ಒಂದೇ ಕೊಟ್ಟಿಗೆ, ಒಂದೇ ಮೇವು, ಹಿಂಡಿ ಬೂಸ ಕಲಸುವ ಕೈಯೂ ಒಂದೇ. ಆದರೂ ಒಂದಕ್ಕೆ ಕಾಲವುಂಟು, ಇನ್ನೊಂದಕ್ಕಿಲ್ಲ. ಬಿಸಿಲಿನ ತಾಪವೂ ಎಮ್ಮೆಯನ್ನು ಕಾಡುತ್ತದೆ, ನಿಜ. ಆದರೆ ತಾಪ ಒಂದೇ ಕಾರಣವಾಗಿದ್ದರೆ ಕೊಟ್ಟಿಗೆಗೆ ಫ್ಯಾನು ಹಾಕಿದ ಕೂಡಲೇ ಎಮ್ಮೆಯ ಕಾಲ ಬದಲಾಗಬೇಕಿತ್ತು.

ಕೊಟ್ಟಿಗೆಯ ಈ ಪ್ರಶ್ನೆಯೇ ಮೃಗಾಲಯಗಳಲ್ಲಿ ಇನ್ನೂ ದೊಡ್ಡದಾಗಿ ಎದುರಾಗುತ್ತದೆ. ಕಾಡಿನಲ್ಲಿ ಜಿಂಕೆಯೋ ಕರಡಿಯೋ ವರ್ಷದ ನಿರ್ದಿಷ್ಟ ತಿಂಗಳಲ್ಲೇ ಮರಿ ಹಾಕಿದರೆ ನಾವು ಸುಲಭವಾಗಿ ಒಪ್ಪಿಕೊಳ್ಳುತ್ತೇವೆ: ಮಳೆ ಬರುತ್ತದೆ, ಹುಲ್ಲು ಚಿಗುರುತ್ತದೆ, ತಾಯಿಗೆ ಹಾಲು ಇಳಿಯುತ್ತದೆ. ಮೃಗಾಲಯದಲ್ಲಿ ಹೊತ್ತುಹೊತ್ತಿಗೆ ಮೇವು ಬೀಳುತ್ತದೆ. ಬರವಿಲ್ಲ, ಬೇಟೆಗಾರನಿಲ್ಲ, ಕಾಯಿಲೆಗೆ ವೈದ್ಯರಿದ್ದಾರೆ. ಹಾಗಿದ್ದ ಮೇಲೆ ಆ ಪ್ರಾಣಿ ಕಾಲ ನೋಡುವುದೇಕೆ? ಹಸಿವು ಕಾಲವನ್ನು ಹೇಳಿಕೊಡುವುದಾದರೆ, ಹೊಟ್ಟೆ ತುಂಬಿದ ಮೃಗಾಲಯದಲ್ಲಿ ಮರಿಗಳು ವರ್ಷವಿಡೀ ಹುಟ್ಟಬೇಕು.

ಇದಕ್ಕೆ ಉತ್ತರ ಸಿಕ್ಕಿದ್ದು ಪ್ರಯೋಗಶಾಲೆಯಲ್ಲಿ ಮಾತ್ರವಲ್ಲ, ಗುಮಾಸ್ತರು ಬರೆದ ರಿಜಿಸ್ಟರುಗಳಲ್ಲೂ. ಹಳೆಯ ಮೃಗಾಲಯಗಳಿಗೆ ಒಂದು ಒಳ್ಳೆಯ ಚಾಳಿಯಿತ್ತು: ಯಾವ ಪ್ರಾಣಿ ಬಂತು, ಯಾವುದು ಸತ್ತಿತು, ಯಾವುದು ಎಂದು ಈಯಿತು ಎಂಬುದನ್ನು ತಾರೀಖು ಸಮೇತ ಬರೆದಿಡುವುದು. ಸೋಲಿ ಜುಕರ್‌ಮನ್ ಎಂಬ ವಿಜ್ಞಾನಿ 1953ರಲ್ಲಿ ಲಂಡನ್ ಮೃಗಾಲಯದ ಇಂಥ ಜನನ ದಾಖಲೆಗಳನ್ನು ಗುಡ್ಡೆಹಾಕಿ, ಸೆರೆಯಲ್ಲಿರುವ ಸಸ್ತನಿಗಳ ಸಂತಾನ ಕಾಲದ ಬಗ್ಗೆ ದೊಡ್ಡ ಪ್ರಬಂಧವನ್ನೇ ಬರೆದರು. ಅದಕ್ಕಿಂತ ವಿಸ್ತಾರವಾದ ಕೆಲಸ ನಡೆದದ್ದು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ. ಫಿಲಿಪ್ ಜೆರ್ಬೆ, ಮಾರ್ಕಸ್ ಕ್ಲಾಸ್ ಮತ್ತು ಸಂಗಡಿಗರು ಜಗತ್ತಿನ ಮೃಗಾಲಯಗಳು ಒಂದೇ ಕಡೆ ಸೇರಿಸಿಟ್ಟ ಜನನ ದಾಖಲೆಗಳಿಂದ ಮೆಲುಕು ಹಾಕುವ 110 ಜಾತಿಯ ಕಾಡುಪ್ರಾಣಿಗಳನ್ನು ಆರಿಸಿ 2012ರಲ್ಲಿ ಫಲಿತಾಂಶ ಪ್ರಕಟಿಸಿದರು.

ಅವರು ಹಿಡಿದ ಅಳತೆಗೋಲು ಸರಳ. ಒಂದು ಜಾತಿಯ ಒಟ್ಟು ಮರಿಗಳಲ್ಲಿ ಶೇ. 80ರಷ್ಟು ಎಷ್ಟು ದಿನಗಳ ಅವಧಿಯೊಳಗೆ ಹುಟ್ಟುತ್ತವೆ ಎಂದು ನೋಡುವುದು. ವರ್ಷವಿಡೀ ಒಂದೇ ಸಮನಾಗಿ ಹುಟ್ಟಿದರೆ ಆ ಅವಧಿ 292 ದಿನವಾಗುತ್ತದೆ; ಅದು 365ರ ಶೇ. 80. ಒಂದೆರಡು ತಿಂಗಳೊಳಗೇ ಮುಗಿದುಹೋದರೆ ಆ ಜಾತಿ ಕಾಲಕ್ಕೆ ಗಟ್ಟಿಯಾಗಿ ಅಂಟಿಕೊಂಡಿದೆ ಎಂದರ್ಥ. ಅಳೆದು ನೋಡಿದಾಗ ಸ್ಪಷ್ಟವಾಗಿ ಕಂಡದ್ದು ಇದು: ಯಾವ ಪ್ರಾಣಿ ಎಷ್ಟು ಕಾಲಬದ್ಧ ಎಂಬುದು ಅದರ ಮೂಲಸ್ಥಾನ ಭೂಮಧ್ಯರೇಖೆಯಿಂದ ಎಷ್ಟು ದೂರ ಎಂಬುದಕ್ಕೆ ಹೊಂದಿಕೊಂಡಿತ್ತು. ಉತ್ತರದ ಚಳಿನಾಡಿನ ಜಿಂಕೆ, ಕುರಿ, ಮೇಕೆ ಜಾತಿಗಳು ಮೃಗಾಲಯದಲ್ಲೂ ತಮ್ಮ ತಿಂಗಳು ಬಿಟ್ಟುಕೊಡಲಿಲ್ಲ. ಉಷ್ಣವಲಯದಿಂದ ಹೋದವು ಯುರೋಪಿನ ಹಿಮದ ನಡುವೆಯೂ ಮನಸ್ಸು ಬಂದಾಗ ಮರಿ ಹಾಕಿದವು. ಎರಡಕ್ಕೂ ಸಿಗುತ್ತಿದ್ದದ್ದು ಒಂದೇ ಉಗ್ರಾಣದ ಮೇವು.

ಚೀನಾದ ಪೆರೆ ಡೇವಿಡ್ ಜಿಂಕೆಯ ಕತೆ ಇಲ್ಲಿ ನೆನಪಾಗುತ್ತದೆ. ಇದು ಕಾಡಿನಲ್ಲಿ ಯಾವತ್ತೋ ಅಳಿದು, ಬೀಜಿಂಗ್ ಬಳಿಯ ಅರಸರ ಬೇಲಿಯೊಳಗಿನ ತೋಪಿನಲ್ಲಿ ಮಾತ್ರ ಉಳಿದಿದ್ದ ಜಾತಿ. 1900ರ ಸುಮಾರಿಗೆ ಅಲ್ಲಿಂದಲೂ ನಿರ್ನಾಮವಾಯಿತು. ಯುರೋಪಿಗೆ ಮೊದಲೇ ಸಾಗಿಸಿದ್ದ ಕೆಲವನ್ನು ಇಂಗ್ಲೆಂಡಿನ ವೋಬರ್ನ್ ಎಸ್ಟೇಟಿನಲ್ಲಿ ಒಟ್ಟುಗೂಡಿಸಿ ಬೆಳೆಸಿದರು. 1985ರಲ್ಲಿ ಅವುಗಳ ಸಂತತಿ ಚೀನಾಕ್ಕೆ ಮರಳಿತು. ತಲೆತಲಾಂತರದಿಂದ ಬೇಲಿಯೊಳಗೇ ಬದುಕಿದ ಈ ಪ್ರಾಣಿಯ ಗರ್ಭಾವಧಿ ಒಂಬತ್ತು ತಿಂಗಳಿಗೂ ಮೀರಿದ್ದು. ಹಾಗಾಗಿ ಉಳಿದ ಜಿಂಕೆಗಳು ಶರತ್ಕಾಲದಲ್ಲಿ ಕೂಡಿದರೆ ಇದು ನಡುಬೇಸಿಗೆಯಲ್ಲೇ ಕೂಡುತ್ತದೆ, ವಸಂತದಲ್ಲಿ ಈಯುತ್ತದೆ. ಬೇಲಿ ಎಷ್ಟು ತಲೆಮಾರು ಸುತ್ತುವರಿದರೂ ಆ ಲೆಕ್ಕ ತಪ್ಪಲಿಲ್ಲ.

ಲೆಕ್ಕ ಇಡುವುದು ಯಾರು? ಹಗಲು ರಾತ್ರಿಗಳ ಉದ್ದ. ಕಣ್ಣಿನ ಅಕ್ಷಿಪಟಲಕ್ಕೆ ಬಿದ್ದ ಬೆಳಕಿನ ಸುದ್ದಿ ಮಿದುಳಿನೊಳಗಿನ ದಿನಚರಿಯ ಕೇಂದ್ರಕ್ಕೆ, ಅಲ್ಲಿಂದ ಪೀನಿಯಲ್ ಎಂಬ ಪುಟ್ಟ ಗ್ರಂಥಿಗೆ ತಲುಪುತ್ತದೆ. ಕತ್ತಲಿರುವಷ್ಟು ಹೊತ್ತೂ ಆ ಗ್ರಂಥಿ ಮೆಲಟೋನಿನ್ ಎಂಬ ಹಾರ್ಮೋನು ಸುರಿಸುತ್ತಿರುತ್ತದೆ. ಅಮೆರಿಕದ ಏರನ್ ಲರ್ನರ್ 1958ರಲ್ಲಿ ಇದನ್ನು ಬೇರ್ಪಡಿಸಿ ತೆಗೆದದ್ದು ದನಗಳ ಪೀನಿಯಲ್ ಗ್ರಂಥಿಗಳಿಂದಲೇ. ರಾತ್ರಿ ಉದ್ದವಾದರೆ ರಕ್ತದಲ್ಲಿ ಮೆಲಟೋನಿನ್ ಇರುವ ಅವಧಿಯೂ ಉದ್ದ, ಗಿಡ್ಡವಾದರೆ ಗಿಡ್ಡ. ಈ ಅವಧಿಯನ್ನು ಓದಿಕೊಂಡು ಮಿದುಳಿನ ಹೈಪೊಥಲಾಮಸ್ ಪಿಟ್ಯುಟರಿ ಗ್ರಂಥಿಗೆ ಆಜ್ಞೆ ಕೊಡುತ್ತದೆ. ಪಿಟ್ಯುಟರಿ ಅಂಡಾಶಯವನ್ನೋ ವೃಷಣವನ್ನೋ ಎಬ್ಬಿಸುತ್ತದೆ, ಇಲ್ಲವೇ ಮಲಗಿಸುತ್ತದೆ. ಮಳೆ ಒಂದು ವರ್ಷ ಬೇಗ, ಒಂದು ವರ್ಷ ತಡ, ಚಳಿಯೂ ಅಷ್ಟೇ. ಸೂರ್ಯ ಮಾತ್ರ ಎಂದೂ ತಪ್ಪುವುದಿಲ್ಲ. ಆರೇಳು ತಿಂಗಳು ಮುಂದಿನ ಹೆರಿಗೆಯನ್ನು ಇಂದೇ ನಿಶ್ಚಯಿಸಬೇಕಾದ ಪ್ರಾಣಿಗೆ ನಂಬಲು ಅರ್ಹವಾದ ಪಂಚಾಂಗ ಅದೊಂದೇ.

ಹೆರಿಗೆಯಿಂದ ಹಿಂದಕ್ಕೆ ಎಣಿಸುವುದು ಇದರ ಗುಟ್ಟು. ಉತ್ತರದ ನಾಡಿನಲ್ಲಿ ಮರಿ ವಸಂತದಲ್ಲಿ ಹುಟ್ಟಿದರೆ ಬದುಕುತ್ತದೆ, ಚಳಿಗಾಲದ ಬಾಗಿಲಲ್ಲಿ ಹುಟ್ಟಿದರೆ ಸಾಯುತ್ತದೆ. ಕುರಿಯ ಗರ್ಭ ಐದು ತಿಂಗಳು, ಯುರೋಪಿನ ಕೆಂಪು ಜಿಂಕೆಯದು ಏಳೂಮುಕ್ಕಾಲು ತಿಂಗಳು. ಹಾಗಾಗಿ ಇವು ಹಗಲು ಗಿಡ್ಡವಾಗುವಾಗ ಬೆದೆಗೆ ಬರಬೇಕು. ಕುದುರೆಯದು ಹನ್ನೊಂದು ತಿಂಗಳು. ಅದು ಹಗಲು ಉದ್ದವಾಗುವಾಗ ಬರಬೇಕು. ಕೆಂಪು ಜಿಂಕೆಯನ್ನು ಹಡಗಿನಲ್ಲಿ ನ್ಯೂಜಿಲೆಂಡಿಗೆ ಒಯ್ದು ಬಿಟ್ಟಾಗ ಅದರ ಬೆದೆ ಸೆಪ್ಟೆಂಬರ್‌–ಅಕ್ಟೋಬರಿನಿಂದ ಮಾರ್ಚ್‌–ಏಪ್ರಿಲ್‌ಗೆ ಜಾರಿತು. ಅಲ್ಲಿ ಹಗಲು ಗಿಡ್ಡವಾಗುವುದು ಆಗಲೇ. ತಿಂಗಳ ಹೆಸರು ಪ್ರಾಣಿಗೆ ಗೊತ್ತಿಲ್ಲ, ಸೂರ್ಯನ ನಡೆ ಗೊತ್ತು.

ಇನ್ನು ನಮ್ಮ ಊರಿನ ಸೂರ್ಯನ ವಿಷಯ. ಲಂಡನ್ನಿನಲ್ಲಿ ಜೂನ್ ತಿಂಗಳ ಅತಿ ಉದ್ದದ ಹಗಲು ಹದಿನಾರೂವರೆ ಗಂಟೆ ಮೀರುತ್ತದೆ, ಡಿಸೆಂಬರಿನ ಗಿಡ್ಡ ಹಗಲು ಎಂಟು ಗಂಟೆಗೂ ಕಡಿಮೆ. ತುಮಕೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ. ಇಲ್ಲಿ ವರ್ಷದ ದೊಡ್ಡ ಹಗಲಿಗೂ ಸಣ್ಣ ಹಗಲಿಗೂ ನಡುವಿನ ಅಂತರ ಒಂದೂವರೆ ಗಂಟೆಗಿಂತ ತುಸುವೇ ಹೆಚ್ಚು. ಈ ಸಣ್ಣ ಅಂತರವನ್ನು ಕೆಲವು ಪ್ರಾಣಿಗಳು ಗಮನಿಸುತ್ತವೆ, ಕೆಲವು ಕ್ಯಾರೇ ಅನ್ನುವುದಿಲ್ಲ. ಯಾವುದು ಗಮನಿಸುತ್ತದೆ, ಯಾವುದು ಇಲ್ಲ ಎಂಬುದನ್ನು ನೋಡಲು ಜ್ಯೂರಿಕ್‌ಗೆ ಹೋಗಬೇಕಾಗಿಲ್ಲ. ತುಮಕೂರಿನಿಂದ ದೇವರಾಯನದುರ್ಗದ ದಾರಿ ಹಿಡಿದರೆ ಸಾಕು.

ದುರ್ಗದ ಬುಡದ ನಾಮದ ಚಿಲುಮೆಯ ಜಿಂಕೆವನದಲ್ಲಿ ಚುಕ್ಕೆ ಜಿಂಕೆಗಳಿವೆ. ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗುವವರು ಜಿಂಕೆಯ ಚುಕ್ಕೆ ನೋಡಿ ಬರುತ್ತಾರೆ. ನೋಡಬೇಕಾದ್ದು ಕೊಂಬು. ಒಂದೇ ದಿನ, ಒಂದೇ ಗುಂಪಿನಲ್ಲಿ, ಒಂದು ಗಂಡಿಗೆ ತೊಗಲು ಹೊದ್ದ ಹಸಿ ಕೊಂಬಿರುತ್ತದೆ, ಇನ್ನೊಂದಕ್ಕೆ ತೊಗಲು ಕಳಚಿ ಒಣಗಿದ ಚೂಪು ಕೊಂಬು, ಮತ್ತೊಂದು ಕೊಂಬು ಉದುರಿಸಿಕೊಂಡು ಬೋಳುತಲೆಯಲ್ಲಿ ನಿಂತಿರುತ್ತದೆ. ಗಂಡು ಹಾರ್ಮೋನು ಇಳಿದಾಗ ಕೊಂಬು ಉದುರಿ ಹೊಸದು ಚಿಗುರುತ್ತದೆ, ಏರಿದಾಗ ಗಟ್ಟಿಯಾಗುತ್ತದೆ. ಅಂದರೆ ಒಂದೊಂದು ಗಂಡೂ ತನ್ನದೇ ವರ್ಷವನ್ನು ನಡೆಸುತ್ತಿದೆ. ಯುರೋಪಿನ ಕೆಂಪು ಜಿಂಕೆಗಳ ಗುಂಪಿನಲ್ಲಿ ಹೀಗೆ ಕಾಣದು. ವಯಸ್ಸಿಗೆ ತಕ್ಕಂತೆ ತುಸು ಹಿಂದುಮುಂದಾದರೂ ಎಲ್ಲವೂ ವಸಂತದಲ್ಲೇ ಕೊಂಬು ಉದುರಿಸುತ್ತವೆ. ಲಂಡನ್ ಮೃಗಾಲಯದವರದೇ ಆದ ವಿಪ್‌ಸ್ನೇಡ್ ಉದ್ಯಾನದಲ್ಲಿ 1980ರ ದಶಕದಲ್ಲಿ ನಮ್ಮ ಚುಕ್ಕೆ ಜಿಂಕೆಯನ್ನೇ ಅಧ್ಯಯನ ಮಾಡಿದರು. ಇಂಗ್ಲೆಂಡಿನ ಹಗಲು ಅಷ್ಟು ಏರುಪೇರಾದರೂ ಗಂಡುಗಳ ಕೊಂಬಿನ ಚಕ್ರ ಒಂದಕ್ಕೊಂದು ಹೊಂದಲಿಲ್ಲ, ಮರಿಗಳು ಎಲ್ಲ ತಿಂಗಳಲ್ಲೂ ಹುಟ್ಟಿದವು. ಹಿಮ ಬೀಳುವ ಜನವರಿ ಬಂದರೂ ಜಿಂಕೆ ತನ್ನ ಅಭ್ಯಾಸ ತಿದ್ದಿಕೊಳ್ಳಲಿಲ್ಲ.

ಅದೇ ದುರ್ಗದ ಮೆಟ್ಟಿಲ ಮೇಲಿನ ಕೋತಿಗಳು ನೇರ ವಿರುದ್ಧ. ಭಕ್ತರು ಕೊಡುವ, ಕೊಡದಿದ್ದರೆ ಕಿತ್ತುಕೊಳ್ಳುವ ಬಾಳೆಹಣ್ಣು, ತೆಂಗಿನ ಹೋಳು, ಕುರುಕಲು ಪೊಟ್ಟಣ ಅವಕ್ಕೆ ವರ್ಷವಿಡೀ ಸಿಗುತ್ತವೆ. ಆಹಾರದ ಲೆಕ್ಕದಲ್ಲಿ ಅವು ಮೃಗಾಲಯದ ಕೋತಿಗಳಿಗಿಂತ ಬಡವರೇನೂ ಅಲ್ಲ. ಆದರೂ ದಕ್ಷಿಣ ಭಾರತದ ಈ ಕೋತಿ ಕೂಡುವುದು ಹೆಚ್ಚಾಗಿ ಸೆಪ್ಟೆಂಬರಿನಿಂದ ನವೆಂಬರ್ ಒಳಗೆ, ಈಯುವುದು ಫೆಬ್ರವರಿಯಿಂದ ಏಪ್ರಿಲ್ ಒಳಗೆ. ಯುಗಾದಿ ಸುಮಾರಿಗೆ ಬೆಟ್ಟ ಹತ್ತಿದರೆ ಹೊಟ್ಟೆಗೆ ಕರಿಮರಿ ಅಂಟಿಸಿಕೊಂಡ ತಾಯಂದಿರು ಸಾಲಾಗಿ ಕುಳಿತಿರುತ್ತವೆ. ಒಂದೇ ಬೆಟ್ಟ, ಒಂದೇ ಬಿಸಿಲು. ಜಿಂಕೆಗೆ ತಿಂಗಳಿಲ್ಲ, ಕೋತಿಗೆ ಉಂಟು.

ಕಾಲ ನೋಡದ ಚುಕ್ಕೆ ಜಿಂಕೆ ಮತ್ತು ಕಾಲ ನೋಡುವ ಕೋತಿಯ ನಡುವೆ ಕೃಷ್ಣಮೃಗ ನಿಲ್ಲುತ್ತದೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎಂದು ಘೋಷಣೆಯಾಯಿತು. ಸುಮಾರು 800 ಎಕರೆ. ಕೃಷ್ಣಮೃಗ ವರ್ಷವಿಡೀ ಮರಿ ಹಾಕಬಲ್ಲದು, ಆದರೆ ಕೂಡುವ ಭರಾಟೆ ಎರಡು ಬಾರಿ ಏರುತ್ತದೆ: ಬೇಸಿಗೆಯ ಮೊದಲಲ್ಲಿ ಒಮ್ಮೆ, ಮುಂಗಾರು ಇಳಿಮುಖವಾಗುವಾಗ ಇನ್ನೊಮ್ಮೆ. ಗರ್ಭ ಐದಾರು ತಿಂಗಳು. ಬೇಸಿಗೆಯ ಮೊದಲಲ್ಲಿ ನಿಂತ ಗರ್ಭ ಈಯುವುದು ತುಮಕೂರು ಸೀಮೆಗೆ ನಿಜವಾದ ಮಳೆ ಬೀಳುವ ಆಗಸ್ಟ್‌–ಅಕ್ಟೋಬರಿನ ಹೊತ್ತಿಗೆ. ನಮ್ಮ ಬಯಲುಸೀಮೆಯ ಪ್ರಾಣಿ ನಮ್ಮ ಮಳೆಯನ್ನು ನಂಬುವುದೂ ಇಲ್ಲ, ಬಿಟ್ಟುಕೊಡುವುದೂ ಇಲ್ಲ. ರಾಗಿ ಬಿತ್ತುವವರಿಗೆ ಈ ಎರಡು ಮನಸ್ಸು ಹೊಸದಲ್ಲ.

ಕರಡಿಯದು ಎಲ್ಲಕ್ಕಿಂತ ಚತುರ ಲೆಕ್ಕ. ಪಾವಗಡ, ಮಧುಗಿರಿ, ದೇವರಾಯನದುರ್ಗದ ಬಂಡೆಗುಡ್ಡಗಳಲ್ಲಿ ನಮ್ಮ ಕರಡಿಗಳಿವೆ. ಅವು ಕೂಡುವುದು ಮೇ–ಜುಲೈ ಸುಮಾರಿಗೆ, ಈಯುವುದು ನವೆಂಬರ್–ಜನವರಿಯಲ್ಲಿ. ನಡುವೆ ಆರೇಳು ತಿಂಗಳಿದ್ದರೂ ಹುಟ್ಟುವ ಮರಿ ಅಂಗೈಯಲ್ಲಿ ಹಿಡಿಯುವಷ್ಟೇ, ಕಣ್ಣು ಬಿಡದ್ದು. ಕಾರಣ, ಕೂಡಿದ ಮೇಲೆ ಕಟ್ಟಿದ ಭ್ರೂಣ ಕೆಲವು ದಿನ ಬೆಳೆದು ಅಲ್ಲಿಗೇ ತಡೆಯುತ್ತದೆ; ಗರ್ಭಕೋಶದ ಗೋಡೆಗೆ ಕಚ್ಚದೆ ತಿಂಗಳುಗಟ್ಟಲೆ ತೇಲುತ್ತಿರುತ್ತದೆ. ಕಾಲ ಬಂದಾಗ ಗೋಡೆಗೆ ಅಂಟಿಕೊಂಡು, ಉಳಿದ ಬೆಳವಣಿಗೆಯನ್ನು ಸುಮಾರು ಎರಡು ತಿಂಗಳಲ್ಲಿ ಮುಗಿಸುತ್ತದೆ. ಮೃಗಾಲಯದಲ್ಲೂ ಕರಡಿ ಇದೇ ಕ್ರಮ ಪಾಲಿಸುತ್ತದೆ. ಆದ್ದರಿಂದ ಕರಡಿ ಸಾಕುವವರಿಗೆ ಎರಡು ಬೇರೆ ಬೇರೆ ಕಾಲಗಳ ಮೇಲೆ ಕಣ್ಣಿರಬೇಕು. ಬೇಸಿಗೆ ಕೊನೆಯಲ್ಲಿ ಜೋಡಿ ಸರಿಯಾಗಿ ಕೂಡಿತೆಂದು ಖುಷಿಪಟ್ಟು, ದೀಪಾವಳಿ ಕಳೆದ ಮೇಲೆ ಕತ್ತಲು ಗವಿ, ಸದ್ದಿಲ್ಲದ ಮೂಲೆ ಒದಗಿಸದಿದ್ದರೆ ಹೆದರಿದ ತಾಯಿ ಮರಿಗಳನ್ನು ಕೈಬಿಡುವುದುಂಟು, ಕೊಂದು ತಿನ್ನುವುದೂ ಉಂಟು.

ತೋಳದ ಮಾತು ಚಿಕ್ಕದು. ಉತ್ತರದ ತೋಳ ಚಳಿಗಾಲದ ಕೊನೆಯಲ್ಲಿ ಕೂಡಿ ಏಪ್ರಿಲ್–ಮೇ ಹೊತ್ತಿಗೆ ಈದರೆ, ನಮ್ಮ ತೋಳ ಅಕ್ಟೋಬರಿನಿಂದಲೇ ಕೂಡಿ ಡಿಸೆಂಬರ್–ಜನವರಿಯಲ್ಲಿ ಈಯುತ್ತದೆ. ತೋಳದಿಂದ ಬಂದ ನಾಯಿ ಮನುಷ್ಯರ ಸಹವಾಸದಲ್ಲಿ ವರ್ಷಕ್ಕೆ ಎರಡು ಸಲ ಬೆದೆಗೆ ಬರುವುದನ್ನು ಕಲಿಯಿತು. ಆದರೂ ಬೀದಿನಾಯಿಗಳ ಹಿಂಡು ರಸ್ತೆ ತಡೆಯುವುದು ಹೆಚ್ಚಾಗಿ ಭಾದ್ರಪದದಿಂದ ಕಾರ್ತಿಕದವರೆಗೆ ಎಂಬುದು ತುಮಕೂರಿನ ಯಾವ ಬಡಾವಣೆಯವರಿಗೂ ಗೊತ್ತು. ಹಳೆಯ ಕಾಲಮಾನ ಪೂರ್ತಿ ಅಳಿಸಿಹೋಗಿಲ್ಲ.

ಚಿರತೆಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಇಲ್ಲಿ ತಪ್ಪು ತಿಳಿವಳಿಕೆಯಿಂದ ಅಪಾಯವಿದೆ. 2019ರ ಕೊನೆ ಮತ್ತು 2020ರ ಮೊದಲ ತಿಂಗಳುಗಳಲ್ಲಿ ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳು ಕೂಡುವ ಹಳ್ಳಿಗಳಲ್ಲಿ ಚಿರತೆ ದಾಳಿಯಿಂದ ಜನ ಸತ್ತರು, ಮಕ್ಕಳೂ ಸೇರಿ. ಅಂದಿನಿಂದ ಈ ಭಾಗದಲ್ಲಿ ಚಿರತೆ ಎಂದರೆ ಬೋನು, ಬೋನು ಎಂದರೆ ಗುಂಪು. ‘ಸುಗ್ಗಿಯ ಕಾಲ ಚಿರತೆ ಮರಿ ಹಾಕುವ ಕಾಲ’ ಎಂಬ ಮಾತೂ ಜೊತೆಗೆ ಓಡಾಡುತ್ತದೆ. ಚಿರತೆಗೆ ನಮ್ಮಲ್ಲಿ ಅಂಥ ಕಾಲವೇ ಇಲ್ಲ. ಗರ್ಭ ಮೂರು ತಿಂಗಳು, ಹೆರಿಗೆ ಯಾವ ತಿಂಗಳಾದರೂ ಆದೀತು, ಮೃಗಾಲಯದಲ್ಲೂ ಹಾಗೆಯೇ. ಸುಗ್ಗಿಯಲ್ಲಿ ಮರಿ ಸಿಗುವುದು ಹೆಚ್ಚಾಗಿ ಕಂಡರೆ ಅದಕ್ಕೆ ಕಾರಣ ನಾವು: ಕುಡುಗೋಲು ಹಿಡಿದು ರಾಗಿ ಹೊಲಕ್ಕೋ ಕಬ್ಬಿನ ಗದ್ದೆಗೋ ಜನ ಇಳಿಯುವುದು ಆಗಲೇ. ಉಳಿದ ತಿಂಗಳು ಮರಿಗಳು ಇದ್ದರೂ ಕಣ್ಣಿಗೆ ಬೀಳುವುದಿಲ್ಲ. ಬೀಳದ್ದರಿಂದ, ಇಲ್ಲವೆಂದು ತಿಳಿದು ಲಂಟಾನ ಪೊದೆಗೆ ನುಗ್ಗುವವರಿದ್ದಾರೆ. ಮರಿ ಕಂಡರೆ ತಾಯಿ ಹತ್ತಿರದಲ್ಲೇ ಇದ್ದಾಳೆ ಎಂದು ತಿಳಿಯಬೇಕು, ಅದು ಆಷಾಢವಾದರೂ ಸರಿ ಮಾಘವಾದರೂ ಸರಿ. ಮರಿಯನ್ನು ಎತ್ತಿಕೊಂಡು ಮನೆಗೋ ಠಾಣೆಗೋ ಒಯ್ಯಬಾರದು. ಸಿಕ್ಕ ಜಾಗದಲ್ಲೇ ಬಿಟ್ಟು ಅರಣ್ಯ ಸಿಬ್ಬಂದಿಗೆ ತಿಳಿಸಿದರೆ, ರಾತ್ರಿ ತಾಯಿ ಬಂದು ಕಚ್ಚಿಕೊಂಡು ಹೋಗುವ ಸಂಭವ ಹೆಚ್ಚು.

ಬೆಕ್ಕಿನ ಕುಟುಂಬದಲ್ಲೂ ಅಕ್ಷಾಂಶದ ಆಟ ನಡೆಯುತ್ತದೆ. ಹಿಮಾಲಯದ ಹಿಮಚಿರತೆ ಚಳಿಗಾಲದಲ್ಲಿ ಕೂಡಿ ಬೇಸಿಗೆ ಮೊದಲಲ್ಲಿ ಈಯುತ್ತದೆ. ನಮ್ಮ ಹುಲಿಗೆ ತಿಂಗಳ ಹಂಗಿಲ್ಲ, ಅದೇ ಜಾತಿಯ ಸೈಬೀರಿಯಾದ ಹುಲಿ ಮೃಗಾಲಯಗಳಲ್ಲಿ ಹೆಚ್ಚಾಗಿ ವಸಂತ ಮತ್ತು ಬೇಸಿಗೆಯ ಮೊದಲಲ್ಲೇ ಮರಿ ಹಾಕುತ್ತದೆ.

ತುಮಕೂರು–ಕುಣಿಗಲ್ ರಸ್ತೆಯ ನಾಗವಲ್ಲಿಯ ಸುತ್ತ ಕಾಡುಪಾಪಗಳಿವೆ. ರಾತ್ರಿ ಕಣ್ಣರಳಿಸಿ ಮರದ ಕೊಂಬೆ ಹಿಡಿದು ನಿಧಾನವಾಗಿ ತೆವಳುವ ಈ ಪುಟ್ಟ ಪ್ರಾಣಿಯ ಸಂತಾನ ಚಕ್ರವನ್ನು 1960ರ ದಶಕದಲ್ಲೇ ಎಲ್.ಎಸ್. ರಾಮಸ್ವಾಮಿ ಮತ್ತು ಟಿ.ಸಿ. ಆನಂದಕುಮಾರ್ ಕೂಲಂಕಷವಾಗಿ ಅಧ್ಯಯನ ಮಾಡಿದ್ದರು. ವರ್ಷಕ್ಕೆ ಎರಡು ಬೆದೆಯ ಕಾಲಗಳನ್ನು ಅವರು ಗುರುತಿಸಿದರು. ಇದೇ ಆನಂದಕುಮಾರ್ ಮುಂದೆ 1986ರಲ್ಲಿ ಮುಂಬೈಯಲ್ಲಿ ಪ್ರನಾಳ ಶಿಶು ಹುಟ್ಟಿಸಿದ ತಂಡದ ಮುಂದಾಳಾಗಿ ಹೆಸರಾದವರು. ಕಾಡುಪಾಪದ ಗರ್ಭ ಐದೂವರೆ ತಿಂಗಳು. ಅಂಗೈಯಗಲದ ಪ್ರಾಣಿಗೆ ಇದು ಬಹಳ ದೀರ್ಘ. ಮಾಟಕ್ಕೆಂದು ಹಿಡಿದು ಮಾರುವವರ ಕೈಗೆ ಒಂದು ಹೆಣ್ಣು ಸಿಕ್ಕರೆ ಆಗುವ ನಷ್ಟ ಬೇಗ ತುಂಬುವಂಥದ್ದಲ್ಲ.

ಈಗ ಕುಣಿಗಲ್ಲಿಗೆ. ಇಲ್ಲಿಯ ಕುದುರೆ ಫಾರಂ ಟಿಪ್ಪು ಸುಲ್ತಾನನ ಕಾಲದಲ್ಲಿ ಅಶ್ವದಳಕ್ಕೆ ಕುದುರೆ ಒದಗಿಸಲು ಹುಟ್ಟಿದ್ದು. ಆಮೇಲೆ ಬ್ರಿಟಿಷರ ಸೈನ್ಯ, ಮೈಸೂರು ಸಂಸ್ಥಾನ ಎಂದು ಕೈ ಬದಲಾಯಿಸುತ್ತ ಬಂದು, 1990ರ ದಶಕದಿಂದ ಗುತ್ತಿಗೆಯಲ್ಲಿ ರೇಸು ಕುದುರೆಗಳ ತಳಿ ಕೇಂದ್ರವಾಗಿ ಹೆಸರು ಮಾಡಿತು. ಇತ್ತೀಚೆಗೆ ಆ ಜಾಗದಲ್ಲಿ ಟೌನ್‌ಶಿಪ್ ಕಟ್ಟುವ ಪ್ರಸ್ತಾಪ, ಅದಕ್ಕೆ ವಿರೋಧ ಎಲ್ಲ ಪತ್ರಿಕೆಗಳಲ್ಲಿ ಬಂದಿವೆ. ಆ ಜಗಳ ಈ ಅಂಕಣದ್ದಲ್ಲ. ಕುದುರೆಯ ಬೆದೆಯನ್ನು ಮನುಷ್ಯ ಹೇಗೆ ತಿರುಚಿದ್ದಾನೆ ಎಂಬುದು ನನಗೆ ಬೇಕಾದ ವಿಷಯ.

ಕುದುರೆ ಹುಟ್ಟಾ ಉದ್ದಹಗಲಿನ ಪ್ರಾಣಿ. ಹೆಣ್ಣು ಕುದುರೆಯ ಅಂಡಾಶಯ ಚಳಿಗಾಲದಲ್ಲಿ ಮಲಗಿ, ಹಗಲು ಬೆಳೆದ ಹಾಗೆ ಏಳುತ್ತದೆ. ಸಹಜ ಬೆದೆ ಏಪ್ರಿಲ್ ಹೊತ್ತಿಗೆ ಸರಿಯಾಗಿ ಕೂಡಿಕೊಳ್ಳುತ್ತದೆ. ಆದರೆ ರೇಸಿನ ಲೋಕಕ್ಕೆ ಬೇರೆಯದೇ ಪಂಚಾಂಗ. ಉತ್ತರ ಗೋಳಾರ್ಧದಲ್ಲಿ ಹುಟ್ಟಿದ ಪ್ರತಿಯೊಂದು ಥರೋಬ್ರೆಡ್ ಕುದುರೆಯ ಹುಟ್ಟುಹಬ್ಬ ಜನವರಿ 1 ಎಂದು ಅದು ವಿಧಿಸಿಬಿಟ್ಟಿದೆ, ಭಾರತದಲ್ಲೂ ಹಾಗೆಯೇ. ಜನವರಿಯಲ್ಲಿ ಹುಟ್ಟಿದ ಮರಿಯೂ ಮೇ ತಿಂಗಳಲ್ಲಿ ಹುಟ್ಟಿದ ಮರಿಯೂ ಕಾಗದದ ಮೇಲೆ ಒಂದೇ ವಯಸ್ಸು. ಎರಡು ವರ್ಷದ ಕುದುರೆಗಳ ರೇಸಿನಲ್ಲಿ ನಾಲ್ಕು ತಿಂಗಳ ಬೆಳವಣಿಗೆ ಎಂದರೆ ಲಕ್ಷಾಂತರ ರೂಪಾಯಿ. ಹಾಗಾಗಿ ಮರಿ ಜನವರಿ, ಫೆಬ್ರವರಿಯಲ್ಲೇ ಬೇಕು. ಗರ್ಭ ಹನ್ನೊಂದು ತಿಂಗಳಾದ್ದರಿಂದ ಹೆಣ್ಣು ಫೆಬ್ರವರಿಯಲ್ಲೇ ಬೆದೆಗೆ ಬರಬೇಕು. ಅದು ತಾನಾಗಿ ಬಾರದು. ಆದ್ದರಿಂದ ಜಗತ್ತಿನ ತಳಿ ಫಾರಂಗಳು ಡಿಸೆಂಬರ್ ಮೊದಲಲ್ಲೇ ಲಾಯದಲ್ಲಿ ದೀಪ ಉರಿಸುತ್ತವೆ. ಸೂರ್ಯ ಮುಳುಗಿದ ಮೇಲೂ ಬೆಳಕು ಹಾಯಿಸಿ ಹಗಲನ್ನು 16 ಗಂಟೆಗೆ ಎಳೆಯುತ್ತವೆ. ಎರಡು ತಿಂಗಳ ಸುಮಾರಿಗೆ ಹೆಣ್ಣಿನ ಮಿದುಳು ವಸಂತ ಬಂತೆಂದು ನಂಬುತ್ತದೆ. ಈಗೀಗ ಒಂದು ಕಣ್ಣಿಗೆ ಮಾತ್ರ ನೀಲಿ ಬೆಳಕು ಬೀಳಿಸುವ ಮುಖವಾಡವನ್ನು ಕುದುರೆಗೆ ತೊಡಿಸಿ ಬಯಲಲ್ಲೇ ಬಿಡುವವರೂ ಇದ್ದಾರೆ. ಮೇವು ಹೆಚ್ಚಿಸಿಯಲ್ಲ, ಲಾಯ ಬೆಚ್ಚಗೆ ಮಾಡಿಯೂ ಅಲ್ಲ, ಬರೀ ಬೆಳಕಿನಿಂದ ಋತುವನ್ನು ಬೇಗ ಬರಿಸಿದ್ದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಕಿಲ್ಲ. ಭೂಮಧ್ಯರೇಖೆಗೆ ಹತ್ತಿರವಿದ್ದಷ್ಟೂ ಕುದುರೆಯ ಚಳಿಗಾಲದ ವಿಶ್ರಾಂತಿ ಸಡಿಲವಾಗುತ್ತದೆ. ಕೆಲವು ಹೆಣ್ಣುಗಳು ವರ್ಷವಿಡೀ ಬೆದೆಗೆ ಬರುತ್ತಿರುತ್ತವೆ. ಕುಣಿಗಲ್ಲಿನಂಥ ಅಕ್ಷಾಂಶ ಆ ಮಟ್ಟಿಗೆ ತಳಿಗಾರರಿಗೆ ಅನುಕೂಲವೇ.

ಕುದುರೆಯ ಕಾಡುಸೋದರ ಮಂಗೋಲಿಯಾದ ಪ್ರೆಝ್ವಾಲ್‌ಸ್ಕಿ ಕುದುರೆಯ ಮೇಲೆ ಯಾರೂ ದೀಪ ಉರಿಸಲಿಲ್ಲ. 1960ರ ದಶಕದಲ್ಲಿ ಅದು ಕಾಡಿನಿಂದ ಮರೆಯಾಗಿ ಮೃಗಾಲಯಗಳಲ್ಲಷ್ಟೇ ಉಳಿಯಿತು. 1992ರಿಂದ ಮತ್ತೆ ಮಂಗೋಲಿಯಾದ ಬಯಲಿಗೆ ಬಿಟ್ಟರು. ಯುರೋಪಿನ ಮೃಗಾಲಯಗಳ ದಶಕಗಳ ಆರೈಕೆಯಲ್ಲಿ ಅದರ ವಸಂತದ ಹೆರಿಗೆ ಕಳೆದುಹೋಗಿದ್ದರೆ, ಮರಿಗಳು ಮಂಗೋಲಿಯಾದ ಚಳಿಗಾಲಕ್ಕೆ ತುತ್ತಾಗುತ್ತಿದ್ದವು. ಕಳೆದುಹೋಗಿರಲಿಲ್ಲ. ಕಾಡಿಗೆ ಮರಳಿಸುವ ಯೋಜನೆಗಳು ಗೆದ್ದದ್ದರ ಹಿಂದೆ ಇಂಥ ಉಳಿದುಕೊಂಡ ಗುಣಗಳ ಪಾಲು ದೊಡ್ಡದು; ಬೇಲಿ, ಹಣ, ಅಧಿಕಾರಿಗಳ ಬಗ್ಗೆ ಬರೆಯುವಾಗ ನಾವು ಅದನ್ನು ಮರೆಯುತ್ತೇವೆ.

ಇದೆಲ್ಲ ಮೃಗಾಲಯ ನಡೆಸುವವರಿಗೆ ಪುಸ್ತಕದ ಮಾತಲ್ಲ, ದಿನದ ಲೆಕ್ಕ. ಕಾಲಬದ್ಧ ಪ್ರಾಣಿಯ ಸಂಖ್ಯೆ ಹಿಡಿತದಲ್ಲಿಡಬೇಕಾದರೆ ಬೆದೆಯ ಕೆಲವು ವಾರ ಗಂಡುಹೆಣ್ಣನ್ನು ಬೇರೆ ಇಟ್ಟರೆ ಮುಗಿಯಿತು. ಚುಕ್ಕೆ ಜಿಂಕೆಗೆ ಆ ಉಪಾಯ ನಡೆಯದು. ಯಾವ ವಾರ ಒಟ್ಟಿಗೆ ಬಿಟ್ಟರೂ ಅದು ಬೆದೆಯ ವಾರವೇ. ದೇಶದ ಬಹಳಷ್ಟು ಸಣ್ಣ ಜಿಂಕೆವನಗಳು ಜಿಂಕೆ ಹೆಚ್ಚಾಗಿ ಒದ್ದಾಡುವುದಕ್ಕೆ ಇದೇ ಕಾರಣ. ಇಕ್ಕಟ್ಟಿನಲ್ಲಿ ಒಣಕೊಂಬಿನ ಎರಡು ಗಂಡು ಎದುರಾದರೆ ಒಂದರ ಹೊಟ್ಟೆ ಸೀಳುತ್ತದೆ. ಗಂಡುಗಳನ್ನು ಶಾಶ್ವತವಾಗಿ ಬೇರೆ ಆವರಣದಲ್ಲಿಡುವುದೊಂದೇ ದಾರಿ, ಅದಕ್ಕೆ ಜಾಗ ಬೇಕು. 1892ರಲ್ಲಿ ಶುರುವಾದ ಮೈಸೂರಿನ ಚಾಮರಾಜೇಂದ್ರ ಮೃಗಾಲಯಕ್ಕೆ ಜಿರಾಫೆಯ ಮರಿ ಯಾವ ತಿಂಗಳಾದರೂ ಬರಬಹುದು; ಸೀಳುನಾಯಿಯ ಮರಿ ಬರುವುದು ಚಳಿಗಾಲದಲ್ಲಿ. ಸಿಬ್ಬಂದಿಯ ರಜೆ, ಆವರಣದ ರಿಪೇರಿ, ಪ್ರಾಣಿ ವಿನಿಮಯದ ಪ್ರಯಾಣ ಎಲ್ಲವೂ ಈ ತಿಂಗಳುಗಳನ್ನು ನೋಡಿ ನಿಶ್ಚಯವಾಗಬೇಕು. ಗಬ್ಬದ ಹೆಣ್ಣನ್ನು ಲಾರಿಯಲ್ಲಿ ಸಾವಿರ ಕಿಲೋಮೀಟರು ಸಾಗಿಸಿ ಗರ್ಭ ಕಳೆದುಕೊಳ್ಳುವುದಕ್ಕೆ ವಿಧಿಯನ್ನು ದೂರಬಾರದು.

ನಮ್ಮ ಜಿಲ್ಲೆಯಲ್ಲಿ ದೊಡ್ಡ ಮೃಗಾಲಯವಿಲ್ಲ. ಆದರೆ ಜ್ಯೂರಿಕ್‌ನ ಅಧ್ಯಯನಕ್ಕೆ ಬೇಕಾದದ್ದು ದುಬಾರಿ ಯಂತ್ರವೂ ಆಗಿರಲಿಲ್ಲ. ನಾಮದ ಚಿಲುಮೆಯಲ್ಲಿ ಪ್ರತಿ ಮರಿಯ ಹುಟ್ಟಿದ ತಾರೀಖು, ಪ್ರತಿ ಗಂಡು ಕೊಂಬು ಉದುರಿಸಿದ ವಾರ, ಆ ವಾರದ ಮಳೆ, ಇಷ್ಟನ್ನು ಒಂದು ಪುಸ್ತಕದಲ್ಲಿ ತಪ್ಪದೆ ಬರೆದು ಹತ್ತು ವರ್ಷ ಇಟ್ಟರೆ, 13 ಡಿಗ್ರಿ ಅಕ್ಷಾಂಶದ ಚುಕ್ಕೆ ಜಿಂಕೆಯ ಬಗ್ಗೆ ಬೆಲೆಬಾಳುವ ದಾಖಲೆಯಾಗುತ್ತದೆ. ದುರ್ಗದ ಕೋತಿಗಳಿಗೆ, ಮೈದನಹಳ್ಳಿಯ ಕೃಷ್ಣಮೃಗಗಳಿಗೆ ಇದೇ ಕೆಲಸವನ್ನು ತುಮಕೂರು, ಗುಬ್ಬಿ, ಕುಣಿಗಲ್ಲಿನ ಕಾಲೇಜುಗಳ ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳಿಗೆ ವಹಿಸಬಹುದು. ಬೇಕಾದದ್ದು ಒಂದು ದುರ್ಬೀನು, ಒಂದು ನೋಟುಬುಕ್ಕು, ತಿಂಗಳಿಗೆ ಒಂದೆರಡು ಬೆಳಗು. ಅರಣ್ಯ ಇಲಾಖೆ ಅನುಮತಿ ಕೊಡಲಿ, ಅಧ್ಯಾಪಕರು ಮುಂದೆ ಬರಲಿ. ಬರುವ ಫೆಬ್ರವರಿಯಲ್ಲಿ ಕೋತಿಗಳು ಈಯಲು ಶುರುಮಾಡುತ್ತವೆ. ಅಷ್ಟರೊಳಗೆ ಪುಸ್ತಕದ ಮೊದಲ ಪುಟಕ್ಕೆ ಗೆರೆ ಎಳೆದಿಡಲಿ.